ಹೊಳೆಯುವ ಲೋಹ ಮತ್ತು ಒಂದು ಗೆರೆಯ ಚರಿತ್ರೆ

ಮದುವೆಯ ಆಮಂತ್ರಣ ಪತ್ರಿಕೆಗಳ ಮೇಲೆ ಥಳಥಳಿಸುವ ಹಿತ್ತಾಳೆಯ ಕಲಶವನ್ನು ನೀವೆಲ್ಲರೂ ನೋಡಿದ್ದೀರಿ. ಎಷ್ಟೋ ಸಲ ಅದು ಛಾಯಾಚಿತ್ರವಾಗಿರುವುದಿಲ್ಲ. ಕೋರಲ್‌ಡ್ರಾ, ಇಲ್ಲಸ್ಟ್ರೇಟರ್, ಇಂಕ್‌ಸ್ಕೇಪ್‌ನಂತಹ ವೆಕ್ಟರ್ ತಂತ್ರಾಂಶದಲ್ಲಿ ಯಾರೋ ತಾಳ್ಮೆಯಿಂದ ಬರೆದ ಚಿತ್ರವಾಗಿರುತ್ತದೆ. ಚಿತ್ರವನ್ನು ಚುಕ್ಕೆಗಳ ರಾಶಿಯಾಗಿ ಇಡದೆ ಗೆರೆಗಳ ಗಣಿತವಾಗಿ ಇಡುವ ಕ್ರಮಕ್ಕೆ ವೆಕ್ಟರ್ ಎಂದು ಹೆಸರು. ಆದುದರಿಂದಲೇ ಅಂಚೆಚೀಟಿಯಷ್ಟಿದ್ದ ಕಲಶವನ್ನು ಕಲ್ಯಾಣಮಂಟಪದ ಬ್ಯಾನರಿನಷ್ಟು ಹಿಗ್ಗಿಸಿದರೂ ಅದರ ಅಂಚು ಒಡೆಯುವುದಿಲ್ಲ. ಈ ಗೆರೆ ಹುಟ್ಟಿದ್ದೇ ಹೊಳೆಯುವ ಲೋಹದ ಸಲುವಾಗಿ ಎಂಬ ಸಂಗತಿ ನನಗೆ ಬಹಳ ಸ್ವಾರಸ್ಯಕರವಾಗಿ ತೋರುತ್ತದೆ.

ಹೊಳಪನ್ನು ಚಿತ್ರಿಸುವುದು ಹೇಗೆಂಬ ಪ್ರಶ್ನೆಯಂತೂ ಗಣಕಯಂತ್ರಕ್ಕಿಂತ ಬಹಳ ಹಳೆಯದು. ನಮ್ಮ ಮೈಸೂರು ಶೈಲಿಯ ಚಿತ್ರಕಾರರು ಆಭರಣ, ಪ್ರಭಾವಳಿಗಳನ್ನು ತುಸು ಉಬ್ಬಿಸಿ ಅದರ ಮೇಲೆ ನಿಜವಾದ ಚಿನ್ನದ ರೇಕನ್ನೇ ಅಂಟಿಸಿದರು. ಇಟಲಿಯ ಆಲ್ಬರ್ಟಿ ಮಾತ್ರ 1435ರಲ್ಲಿ ಚಿತ್ರಕಲೆಯನ್ನು ಕುರಿತು ಬರೆಯುತ್ತ, ಚಿನ್ನವನ್ನು ಬಳಸದೆ ಬರಿಯ ಬಣ್ಣಗಳಿಂದಲೇ ಚಿನ್ನದ ಕಾಂತಿಯನ್ನು ತೋರಿಸಬಲ್ಲವನಿಗೆ ಹೆಚ್ಚಿನ ಮನ್ನಣೆ ಸಲ್ಲಬೇಕೆಂದನು. ಎರಡೂ ಪರಂಪರೆಗಳು ಅವುಗಳ ನೆಲೆಯಲ್ಲಿ ದೊಡ್ಡವು. ಆದರೆ ಪರದೆಯ ಮೇಲೆ ಚಿನ್ನದ ರೇಕನ್ನು ಅಂಟಿಸಲಾಗದಾದ್ದರಿಂದ, ಗಣಕದ ಚಿತ್ರಕಾರ ಆಲ್ಬರ್ಟಿಯ ದಾರಿಯನ್ನೇ ಹಿಡಿಯಬೇಕು.

ಇನ್ನು ಗೆರೆಯ ವಿಚಾರ. 1950ರ ದಶಕದ ಫ್ರಾನ್ಸಿನ ಕಾರು ಕಾರ್ಖಾನೆಗಳಿಗೆ ಒಂದು ಸಂಕಟವಿತ್ತು. ವಿನ್ಯಾಸಕಾರನ ಬಾಗು ನಕ್ಷೆಗೆ, ನಕ್ಷೆಯಿಂದ ಮರದ ಮಾದರಿಗೆ, ಅಲ್ಲಿಂದ ತಗಡು ಒತ್ತುವ ಅಚ್ಚಿಗೆ ದಾಟುವಾಗ ಪ್ರತಿ ಹಂತದಲ್ಲಿಯೂ ಇಷ್ಟಿಷ್ಟು ಬದಲಾಗುತ್ತಿತ್ತು. ಮಣ್ಣಿನ ಗೋಡೆಯಾದರೆ ಇಂತಹ ಅಂಕುಡೊಂಕು ಕಣ್ಣಿಗೆ ಬೀಳದು. ನಯಗೊಳಿಸಿ ಬಣ್ಣ ಬಳಿದ ತಗಡಿನಲ್ಲಾದರೋ ಪ್ರತಿಬಿಂಬವೇ ಚಾಡಿ ಹೇಳುತ್ತದೆ: ಬಾಗಿನಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ಅದರ ಮೇಲೆ ಬಿದ್ದ ದೀಪದ ಗೆರೆ ಮುರಿದಂತೆ ಕಾಣುತ್ತದೆ.

ಸಿತ್ರೊಯೆನ್ ಕಂಪನಿಯಲ್ಲಿದ್ದ ಪಾಲ್ ದ ಕಾಸ್ತೆಲ್ಜೊ ಎಂಬ ತರುಣ ಗಣಿತಜ್ಞ 1959ರಲ್ಲಿ ಇದಕ್ಕೆ ಪರಿಹಾರ ಕಂಡುಕೊಂಡರು. ಅದು ಎಷ್ಟು ಸರಳವೆಂದರೆ, ಎಂಟನೆಯ ತರಗತಿಯ ರೇಖಾಗಣಿತ ತಿಳಿದವರಿಗೂ ಸಾಕು. ಹಾಳೆಯ ಮೇಲೆ ನಾಲ್ಕು ಬಿಂದುಗಳನ್ನು ಇಟ್ಟು ಸಾಲಾಗಿ ಸೇರಿಸಿ; ಮೂರು ರೇಖಾಖಂಡಗಳಾದವು. ಅವುಗಳ ಮಧ್ಯಬಿಂದುಗಳನ್ನು ಸೇರಿಸಿದರೆ ಎರಡು, ಆ ಎರಡರ ಮಧ್ಯಬಿಂದುಗಳನ್ನು ಸೇರಿಸಿದರೆ ಒಂದು. ಅದರ ಮಧ್ಯಬಿಂದು ನಮಗೆ ಬೇಕಾದ ವಕ್ರರೇಖೆಯ ಮೇಲಿರುತ್ತದೆ. ಅರ್ಧದ ಬದಲು ಕಾಲು, ಮುಕ್ಕಾಲು ಮುಂತಾಗಿ ಬೇರೆ ಪ್ರಮಾಣಗಳನ್ನು ತೆಗೆದುಕೊಂಡರೆ ರೇಖೆಯ ಉಳಿದ ಬಿಂದುಗಳೂ ದೊರೆಯುತ್ತವೆ. ಪೆನ್ಸಿಲು ಹಿಡಿದು ಒಮ್ಮೆ ಮಾಡಿ ನೋಡಿ; ಓದುವುದಕ್ಕಿಂತ ಅದು ಮೇಲು.

ಆದರೆ ಕಂಪನಿ ಇದನ್ನು ಗುಟ್ಟಾಗಿ ಇಟ್ಟಿತು. ಅಷ್ಟರಲ್ಲಿ ರೆನೊ ಕಂಪನಿಯ ಪಿಯರ್ ಬೆಜಿಯೆ ಸ್ವತಂತ್ರವಾಗಿ ಅದೇ ರೇಖೆಯನ್ನು ತಲುಪಿ, 1960ರ ದಶಕದಲ್ಲಿ ಬಹಿರಂಗವಾಗಿ ಪ್ರಕಟಿಸಿದರು. ಹೆಸರು ಅವರದಾಯಿತು: ಇಂದಿಗೂ ಲೋಕ ಅದನ್ನು ಬೆಜಿಯೆ ವಕ್ರರೇಖೆ ಎಂದೇ ಕರೆಯುತ್ತದೆ. ಮೊದಲು ಕಂಡವರ ಆಂತರಿಕ ವರದಿಗಳು ಹೊರಗಿನ ವಿದ್ವಾಂಸರ ಕೈಸೇರಿದ್ದು 1970ರ ದಶಕದಲ್ಲಿ; ಅವರಿಗೆ ಉಳಿದದ್ದು ಬಿಂದುಗಳನ್ನು ಸೇರಿಸುವ ವಿಧಾನದ ಹೆಸರು. ಬೆಜಿಯೆ ಕದ್ದವರಲ್ಲ, ತಮ್ಮ ಕೆಲಸವನ್ನು ತೆರೆದಿಟ್ಟವರು. ಹಾಗಿದ್ದರೂ ದ ಕಾಸ್ತೆಲ್ಜೊ ಅವರಿಗೆ ಸಲ್ಲಬೇಕಾದ ಪಾಲು ಸಂದಿಲ್ಲವೆಂದೇ ನನ್ನ ಅಭಿಪ್ರಾಯ. ಅವರು 2022ರಲ್ಲಿ ತೀರಿಕೊಂಡರು. ನಮ್ಮಲ್ಲಿ ಅದನ್ನು ಗಮನಿಸಿದವರು ವಿರಳ.

ಮುಂದಿನದನ್ನು ಬೇಗನೆ ಹೇಳಬಹುದು. 1984ರಲ್ಲಿ ಅಡೋಬಿ ಸಂಸ್ಥೆಯ ಪೋಸ್ಟ್‌ಸ್ಕ್ರಿಪ್ಟ್ ಈ ರೇಖೆಯನ್ನು ಮುದ್ರಣಕ್ಕೆ ತಂದಿತು. 1987ರ ಇಲ್ಲಸ್ಟ್ರೇಟರ್ ಅದನ್ನು ಚಿತ್ರಕಾರರ ಕೈಗೆ ಕೊಟ್ಟಿತು. ಪೆನ್ ಉಪಕರಣದಿಂದ ಗೆರೆ ಎಳೆಯುವಾಗ ತುದಿಯಲ್ಲಿ ಮೂಡುವ ಎರಡು ಹಿಡಿಗಳು ನಾವು ಮೇಲೆ ಕಂಡ ನಾಲ್ಕು ಬಿಂದುಗಳಲ್ಲಿ ನಡುವಿನವೇ.

ಇಷ್ಟಾದರೂ ದೊರೆತದ್ದು ಚೆಂಬಿನ ಹೊರಗೆರೆ ಮಾತ್ರ. ಹೊಳಪು ಬರಬೇಕಾದರೆ, ಲೋಹಕ್ಕೆ ತನ್ನದೆಂಬ ಹೊಳಪಿಲ್ಲ, ಅದು ಸುತ್ತಲಿನದನ್ನು ತೋರಿಸುತ್ತದೆ ಎಂಬುದನ್ನು ಮನಗಾಣಬೇಕು. ಮಡಕೆಯ ಮೇಲೆ ನೆರಳು ಮೆಲ್ಲಮೆಲ್ಲನೆ ಬೆಳಕಿಗೆ ತಿರುಗುತ್ತದೆ. ಚೆಂಬಿನ ಮೇಲೆ ಕಡುಗಪ್ಪು ಪಟ್ಟೆಯ ಪಕ್ಕದಲ್ಲೇ ಕಿಟಕಿಯ ಬೆಳಕು ಥಟ್ಟನೆ ನಿಲ್ಲುತ್ತದೆ. ಹೊಸಬರ ಲೋಹ ಪ್ಲಾಸ್ಟಿಕ್ಕಿನಂತೆ ಕಾಣುವುದು ಈ ಥಟ್ಟನೆಯ ಬದಲಾವಣೆಗೆ ಅಂಜುವುದರಿಂದ. ಹಿತ್ತಾಳೆಯಲ್ಲಿ ಪ್ರತಿಬಿಂಬಕ್ಕೂ ಹಳದಿ ಛಾಯೆ ಇರುತ್ತದೆ. ಅಚ್ಚಬಿಳಿ ಬಳಿದರೆ ಕೆಡುತ್ತದೆ. ಮೊದಮೊದಲು ಇದಕ್ಕಾಗಿ ಎರಡು ಆಕೃತಿಗಳ ನಡುವೆ ಹತ್ತಾರು ಮಧ್ಯಂತರ ಆಕೃತಿಗಳನ್ನು ತುಂಬಿಸಬೇಕಾಗಿತ್ತು. 1988ರ ಆವೃತ್ತಿಯಲ್ಲಿ ಆ ಸೌಲಭ್ಯ ಬಂದಿತು. 1998ರಲ್ಲಿ ಬಂದ ಬಣ್ಣದ ಬಲೆಯಲ್ಲಿ ಮೀನುಬಲೆಯಂತೆ ಗೆರೆಗಳು ಹಾಯುತ್ತವೆ, ಪ್ರತಿ ಗಂಟಿಗೂ ಬೇರೆ ಬಣ್ಣ ಕೊಡಬಹುದು. ಚೆಂಬಿನ ಕತ್ತಿಗೆ ಉದ್ದನೆಯ ಪಟ್ಟೆಗಳೇ ಸಾಕು. ಉಬ್ಬಿದ ಹೊಟ್ಟೆಗೆ ಬಲೆ ಬೇಕು. ಆ ಬಲೆಯ ಒಂದೊಂದು ಎಳೆಯೂ ಮತ್ತೆ ಸಿತ್ರೊಯೆನ್ ಕಾರ್ಖಾನೆಯ ಅದೇ ವಕ್ರರೇಖೆ.