ಚಿತ್ರದುರ್ಗ ಸೀಮೆಯ ತಿದಿ

ಫ್ರಾನ್ಸ್ ದೇಶದಲ್ಲಿ ನಿಕೊಲಾ ಬಿಲಿಯರ್ಡ್ ಎಂಬ ಮೇಜಿನಾಟವೊಂದುಂಟು. ದುಂಡಾದ ಹಲಗೆಯ ಸುತ್ತ ಕುಳಿತ ಆಟಗಾರರು ರಬ್ಬರಿನ ಬುರುಡೆಗಳನ್ನು ಹಿಸುಕಿ, ಹೊರಡುವ ಗಾಳಿಯಿಂದಲೇ ಹಗುರವಾದ ಬೆಂಡಿನ ಚೆಂಡನ್ನು ಎದುರಾಳಿಯ ಗೂಡಿಗೆ ನೂಕುವರು. ಚೀಲದಲ್ಲಿ ತುಂಬಿದ ಗಾಳಿಯನ್ನು ಒತ್ತಿ, ಕಿರಿದಾದ ಬಾಯಿಯ ಮೂಲಕ ಬೇಕಾದೆಡೆಗೆ ಹಾಯಿಸುವುದೇ ಈ ವಿನೋದದ ತತ್ತ್ವ. ಈ ತತ್ತ್ವವು ನಮ್ಮಲ್ಲಿ ವಿನೋದಕ್ಕಲ್ಲದೆ ಜೀವನಕ್ಕೇ ಆಧಾರವಾಗಿದ್ದಿತು. ಅದರ ಸಾಧನಕ್ಕೆ ತಿದಿಯೆಂದು ಹೆಸರು. ಚಿತ್ರದುರ್ಗದ ಚರಿತ್ರೆಯಲ್ಲಿ ತಿದಿಗೆ ಸಲ್ಲತಕ್ಕ ಸ್ಥಾನವನ್ನು ತೋರಿಸುವುದೇ ಈ ಲೇಖನದ ಉದ್ದೇಶವು.

ತಿದಿಯೆಂದರೆ ಇಡಿಯಾಗಿ ಸುಲಿದ ತೊಗಲಿನ ಚೀಲ. ಅದರ ಒಂದು ತುದಿಗೆ ಕೊಳವೆ. ಮತ್ತೊಂದು ತುದಿಯಲ್ಲಿ ಸೀಳುಬಾಯಿ. ಬಾಯಿ ತೆರೆದು ಮೇಲೆತ್ತಿದರೆ ಗಾಳಿ ತುಂಬುವುದು. ಮುಚ್ಚಿ ಒತ್ತಿದರೆ ಕೊಳವೆಯಿಂದ ಹೊರಡುವುದು. ಒಂದೇ ತಿದಿಯಾದರೆ ಗಾಳಿಯು ಬಿಟ್ಟುಬಿಟ್ಟು ಬರುವುದರಿಂದ, ಎರಡನ್ನು ಜೊತೆಯಾಗಿಟ್ಟು ಒಂದಾದಮೇಲೊಂದನ್ನು ಒತ್ತುತ್ತಿದ್ದರು. ಶುದ್ಧವಾದ ಕಬ್ಬಿಣ ಕರಗಲು 1538 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ಹಳೆಯ ಕುಲುಮೆಗಳಲ್ಲಿ ಅಷ್ಟು ಶಾಖವಿರಲಿಲ್ಲ. ಸುಮಾರು 1200 ಡಿಗ್ರಿಯಲ್ಲಿ ಅದುರಿನ ಕಲ್ಮಷವು ಕಿಟ್ಟವಾಗಿ ಹರಿದುಹೋಗಿ, ಕಬ್ಬಿಣವು ಮುದ್ದೆಯಾಗಿ ಉಳಿಯುತ್ತಿದ್ದಿತು. ಆ ಶಾಖವಾದರೂ ಇದ್ದಲಿನಿಂದ ಮಾತ್ರವೇ ಬರತಕ್ಕುದಲ್ಲ. ತಿದಿ ನಿಂತಿತೆಂದರೆ ಅದುರು, ಇದ್ದಲು, ದುಡಿಮೆ ಮೂರೂ ವ್ಯರ್ಥವೇ ಸರಿ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಬೆಟ್ಟಸಾಲುಗಳಲ್ಲಿ ಕಬ್ಬಿಣದ ಅದುರು ಹೇರಳವಾಗಿದೆಯಷ್ಟೆ. 1800-01ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಹೊಸದುರ್ಗದ ಕಡೆಯ ಮತ್ತೋಡಿನ ಬಳೆಗಾಜಿನ ಕುಲುಮೆಗಳನ್ನೂ, ಆ ಸೀಮೆಯ ದೊರೆಗುಡ್ಡದ ಕಬ್ಬಿಣದ ಗಣಿಯನ್ನೂ ವಿವರಿಸಿರುವನು. ಹೊಳಲ್ಕೆರೆಯ ಕಡೆಯ ಘಟ್ಟಿಹೊಸಹಳ್ಳಿಯಲ್ಲಿ ಉಕ್ಕನ್ನು ಮಾಡುತ್ತಿದ್ದುದಕ್ಕೆ ಅಲ್ಲಿ ದೊರೆತ ಮಣ್ಣಿನ ಮೂಸೆಗಳೇ ಸಾಕ್ಷಿ. ಇವನ್ನು ಪರೀಕ್ಷಿಸಿ ಟಿ. ಆರ್. ಅನಂತರಾಮು, ಪಿ. ಟಿ. ಕ್ರಾಡಕ್ ಮೊದಲಾದವರು 1999ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಮೆದುಕಬ್ಬಿಣವನ್ನು ಸಸ್ಯಪದಾರ್ಥದೊಡನೆ ಮೂಸೆಯಲ್ಲಿಟ್ಟು, ಬಾಯಿ ಮೆತ್ತಿ ಕಾಯಿಸಿದರೆ, ಕಬ್ಬಿಣವು ಇಂಗಾಲವನ್ನು ಹೀರಿ, ಕಡಿಮೆ ಶಾಖದಲ್ಲಿಯೇ ಕರಗಿ ಉಕ್ಕಾಗುವುದು. ಇಲ್ಲಿಯೂ ಬೆಂಕಿಯನ್ನು ಒಂದೇ ಹದದಲ್ಲಿ ಕಾಯುತ್ತಿದ್ದುದು ತಿದಿಯೇ.

ಸಾಹಿತ್ಯಾಭ್ಯಾಸಿಗಳು ಗಮನಿಸಬೇಕಾದ ಇನ್ನೊಂದು ಸಂಗತಿಯುಂಟು. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಜಾರ್ಜ್ ಪಿಯರ್ಸನ್ನನು ಹಿಂದೂದೇಶದ ಉಕ್ಕನ್ನು ಕುರಿತು ಓದಿದ ಪ್ರಬಂಧದಲ್ಲಿ ಅದನ್ನು 'ವೂಟ್ಜ್' ಎಂದು ಕರೆದನು. ಇದು ನಮ್ಮ 'ಉಕ್ಕು' ಶಬ್ದದ ಅಪಭ್ರಂಶವೆಂದು ಅನೇಕ ವಿದ್ವಾಂಸರ ಮತ. ಹೀಗೆ ಉಕ್ಕು ಎಂಬ ಮಾತು ಸಮುದ್ರವನ್ನು ದಾಟಿತು. ಅದನ್ನು ಹುಟ್ಟಿಸಿದ ತಿದಿಯಾದರೋ ಊರಲ್ಲಿಯೇ ಮರೆಯಾಯಿತು.

ಇದಕ್ಕೆ ಕಾರಣವು ಸ್ಪಷ್ಟವಾಗಿಯೇ ಇದೆ. ಕಿಟ್ಟ ಉಳಿಯುವುದು, ಮೂಸೆಯ ಚೂರು ಉಳಿಯುವುದು, ತೊಗಲು ಕೊಳೆತುಹೋಗುವುದು. ದುರ್ಗದ ಕೋಟೆಯನ್ನು ನೋಡಬಂದವರು ಮದ್ದರೆಯುವ ಕಲ್ಲುಗಳನ್ನು ಕಂಡು ಬೆರಗಾಗುವರು. 1779ರಲ್ಲಿ ಹೈದರನ ವಶವಾದ ಮದಕರಿನಾಯಕನ ಕಥೆಯನ್ನು ಕೇಳಿ ಮರುಗುವರು. ಆದರೆ ನೇಗಿಲಿಗೂ ಕತ್ತಿಗೂ ಬೇಕಾದ ಕಬ್ಬಿಣವನ್ನು ಕುಲುಮೆಯ ಉರಿಯಲ್ಲಿ ನಿಂತು ಊದಿಸಿದವರಿಗೆ ಹೆಸರೂ ಇಲ್ಲ, ಕಲ್ಲೂ ಇಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅಗ್ಗದ ಪರದೇಶದ ಕಬ್ಬಿಣವು ಬಂದು ಕುಲುಮೆಗಳು ಆರಿದುವು. 1923ರಲ್ಲಿ ಭದ್ರಾವತಿಯಲ್ಲಿ ದೊಡ್ಡ ಕುಲುಮೆ ಹೊತ್ತಿದಾಗ ಗಾಳಿಯನ್ನು ಊದುವ ಕೆಲಸವು ಯಂತ್ರದ ಪಾಲಾಗಿದ್ದಿತು.

ವಸ್ತು ನಶಿಸಿದೆಡೆಯಲ್ಲಿ ಶಬ್ದವೇ ಶಾಸನವು. ತಿದಿ, ತಿತ್ತಿ, ಮೂಸೆ, ಕಿಟ್ಟ, ಕುಲುಮೆ ಎಂಬ ಮಾತುಗಳು ಇನ್ನೂ ನಮ್ಮ ನಿಘಂಟುಗಳಲ್ಲಿವೆ. ಕಾವ್ಯದಲ್ಲಿ ಇವು ಬಂದಾಗ ಉಪಾಧ್ಯಾಯರು ಬರಿಯ ಅರ್ಥವನ್ನು ಹೇಳಿ ಮುಂದುವರಿಯದೆ, ಅವುಗಳ ಹಿಂದಿನ ಕೆಲಸವನ್ನೂ ವಿದ್ಯಾರ್ಥಿಗಳಿಗೆ ತಿಳಿಸಬೇಕು. ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ವೃದ್ಧರ ಬಾಯಲ್ಲಿ ಉಳಿದಿರುವ ಕಸುಬಿನ ಮಾತುಗಳನ್ನು ಈಗಲೇ ಬರೆದಿಟ್ಟುಕೊಳ್ಳುವುದು ಉಚಿತ. ತೊಗಲಿನಂತೆ ಮಾತೂ ಬಹುಕಾಲ ಕಾಯುವುದಿಲ್ಲ.