ಕರೆದರೆ ಓಗೊಡುವವರು ಯಾರು?



ನಿಮ್ಮಲ್ಲಿ ಅನೇಕರು ಕಂಪ್ಯೂಟರ್ ಕೆಲಸಕ್ಕೆಂದೇ ಊರು ಬಿಟ್ಟು ಬಂದವರು. ಉಳಿದವರ ಕೈಯಲ್ಲೂ ಮೊಬೈಲ್ ಇದ್ದೇ ಇದೆ. ಹಾಗಾಗಿ ಈ ಬಾರಿ ಸಾಫ್ಟ್‌ವೇರ್ ಚರಿತ್ರೆಯ ಒಂದು ಹಳೆಯ ಪ್ರಶ್ನೆ: ಒಂದು ಅಪ್ಪಣೆ ಹೊರಟಾಗ ಯಾವ ಕೆಲಸ ನಡೆಯಬೇಕೆಂದು ಗೊತ್ತುಮಾಡುವವರು ಯಾರು? ಯಾವಾಗ?

ಫೋರ್ಟ್ರಾನ್‌ನಂಥ ಆರಂಭದ ಭಾಷೆಗಳಲ್ಲಿ ಪ್ರೋಗ್ರಾಂ ಓಡುವ ಮೊದಲೇ ಎಲ್ಲವೂ ನಿಗದಿಯಾಗಿರುತ್ತಿತ್ತು. 1967ರಲ್ಲಿ ನಾರ್ವೆಯ ಓಸ್ಲೋದಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನಿಗಾರ್ಡ್ ತಮ್ಮ ಸಿಮ್ಯುಲಾ 67 ಭಾಷೆಯಲ್ಲಿ ಈ ಕಟ್ಟನ್ನು ಸಡಿಲಿಸಿದರು. 'ಸಾಗು' ಎಂಬ ಅಪ್ಪಣೆ ಒಂದೇ ಇರಲಿ; ಎದುರಿಗಿರುವುದು ಲಾರಿಯೋ ಹಡಗೋ ಎಂಬುದನ್ನು ಪ್ರೋಗ್ರಾಂ ಓಡುವಾಗಲೇ ನೋಡಿಕೊಂಡು ತಕ್ಕ ಕೆಲಸ ನಡೆಯುತ್ತದೆ. ಇದೇ ಡೈನಮಿಕ್ ಡಿಸ್ಪ್ಯಾಚ್.

ಅಮೆರಿಕದ ಝೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದ ಅಲನ್ ಕೇ ಮತ್ತು ಸಂಗಡಿಗರು ಇನ್ನೂ ಮುಂದೆ ಹೋದರು. 1972ರಿಂದ ಅವರು ಕಟ್ಟುತ್ತಾ ಬಂದ ಸ್ಮಾಲ್‌ಟಾಕ್ ಭಾಷೆಯಲ್ಲಿ ಆಬ್ಜೆಕ್ಟ್‌ಗಳು ಪರಸ್ಪರ ಸಂದೇಶ ಕಳಿಸುತ್ತವೆ. ಸ್ಮಾಲ್‌ಟಾಕ್-80ರಲ್ಲಿ, ಸಂದೇಶ ಪಡೆದ ಆಬ್ಜೆಕ್ಟ್‌ನ ಕ್ಲಾಸಿನಲ್ಲಿ ಅದಕ್ಕೆ ತಕ್ಕ ಮೆಥಡ್ ಇಲ್ಲವಾದರೆ ಮೇಲಿನ ಕ್ಲಾಸುಗಳಲ್ಲಿ ಹುಡುಕಾಟ ನಡೆಯುತ್ತದೆ. ಎಲ್ಲೂ ಸಿಗದಿದ್ದರೆ 'ಅರ್ಥವಾಗಲಿಲ್ಲ' ಎಂಬ ಇನ್ನೊಂದು ಸಂದೇಶ, ಮೂಲ ಸಂದೇಶವನ್ನೂ ಹೊತ್ತುಕೊಂಡು, ಅದೇ ಆಬ್ಜೆಕ್ಟ್‌ಗೆ ಬರುತ್ತದೆ. ಸಾಮಾನ್ಯವಾಗಿ ಅಲ್ಲಿಗೆ ದೋಷದ ಸೂಚನೆ. ಆದರೆ ಪ್ರೋಗ್ರಾಂ ಬರೆಯುವವರು ಬಯಸಿದರೆ ಅಲ್ಲಿಂದಲೇ ಸಂದೇಶವನ್ನು ಬೇರೊಂದು ಆಬ್ಜೆಕ್ಟ್‌ಗೆ ದಾಟಿಸಬಹುದು. ಮನೆ ಬದಲಿಸಿದವರ ಕಾಗದದ ಮೇಲೆ ಹೊಸ ವಿಳಾಸ ಬರೆದು ಕಳಿಸಿದ ಹಾಗೆ!

1980ರ ದಶಕದಲ್ಲಿ ಬ್ರಾಡ್ ಕಾಕ್ಸ್ ಮತ್ತು ಟಾಮ್ ಲವ್ ಇದೇ ಗುಣವನ್ನು ಸಿ ಭಾಷೆಗೆ ಬೆಸೆದು ಆಬ್ಜೆಕ್ಟಿವ್-ಸಿ ರೂಪಿಸಿದರು. ಸ್ಟೀವ್ ಜಾಬ್ಸ್ ಅವರ ನೆಕ್ಸ್ಟ್ ಕಂಪನಿ ಅದನ್ನು ಬಳಸಿತು. ಇನ್ನೊಂದು ಕಂಪ್ಯೂಟರಿನಲ್ಲಿರುವ ಆಬ್ಜೆಕ್ಟ್‌ಗೂ ಸಂದೇಶ ದಾಟಿಸುವ ವ್ಯವಸ್ಥೆ ಮಾಡಿತು. ನೆಕ್ಸ್ಟ್ ಆಪಲ್ ಪಾಲಾದ ಮೇಲೆ ಈ ಭಾಷೆ ಐಫೋನಿಗೂ ಬಂತು.

ಆದರೆ ಈ ಸ್ವಾತಂತ್ರ್ಯಕ್ಕೆ ಬೆಲೆಯೂ ಉಂಟು. ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದರೂ ಅದು ಬಯಲಾಗುವುದು ಪ್ರೋಗ್ರಾಂ ಓಡುವಾಗ, ಕೆಲವೊಮ್ಮೆ ಗಿರಾಕಿಯ ಕೈಯಲ್ಲೇ. ಸಿಮ್ಯುಲಾದಿಂದ ಪ್ರೇರಣೆ ಪಡೆದ ಬ್ಯಾರ್ನ್ ಸ್ಟ್ರೌಸ್ಟ್ರಪ್ ತಮ್ಮ ಸಿ++ ಭಾಷೆಯಲ್ಲಿ ಇದಕ್ಕೆ ಕಡಿವಾಣ ಹಾಕಿದರು: ಕೆಲಸದ ಆಯ್ಕೆ ಓಡುವಾಗ ಆಗಬಹುದು, ಆದರೆ ಹೆಸರು ಮೊದಲೇ ಕಂಪೈಲರಿಗೆ ಗೊತ್ತಿರಲೇಬೇಕು. 2014ರಲ್ಲಿ ಆಪಲ್ ಕೂಡ ಸ್ವಿಫ್ಟ್ ಭಾಷೆಯನ್ನು ತಂದು ಮುಂಚಿತ ತಪಾಸಣೆಯ ಕಡೆಗೇ ವಾಲಿತು.

ಡಾಲ್ ಮತ್ತು ನಿಗಾರ್ಡ್ ಅವರಿಗೆ 2001ರ, ಕೇ ಅವರಿಗೆ 2003ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಪ್ರಶ್ನೆ ಮಾತ್ರ ಇತ್ಯರ್ಥವಾಗಿಲ್ಲ. ಮೊದಲೇ ನಿರ್ಧರಿಸಿದರೆ ಭರವಸೆ ಹೆಚ್ಚು. ಕೊನೆಯವರೆಗೆ ಬಿಟ್ಟರೆ ಹೊಸದಕ್ಕೆ ಜಾಗ ಹೆಚ್ಚು. ಪ್ರೋಗ್ರಾಂ ಬರೆಯುವ ಕೇಳುಗರೇ, ನೀವು ಯಾವ ಪಕ್ಷ? ಬರೆದು ತಿಳಿಸಿ.