ಪ್ರೋಗ್ರಾಮೆಬಲ್ ಥರ್ಮೋಸ್ಟಾಟ್: ಮನೆಯಲ್ಲಿ ಜೋಡಣೆ ಮತ್ತು ಹೊಂದಾಣಿಕೆ

ಮನೆಯನ್ನು ಬೆಚ್ಚಗೋ ತಂಪಾಗೋ ಇಡುವ ಯಂತ್ರವನ್ನು ಹೊತ್ತಿಗೆ ತಕ್ಕಂತೆ ತಾನಾಗಿ ನಡೆಸುವ, ಗೋಡೆಗೆ ಕೂರಿಸುವ ವಿದ್ಯುತ್ ನಿಯಂತ್ರಕ. ಸಾಮಾನ್ಯ ಥರ್ಮೋಸ್ಟಾಟ್ ದಿನವಿಡೀ ಒಂದೇ ಉಷ್ಣತೆಯನ್ನು ಕಾಯುತ್ತದೆ. ಪ್ರೋಗ್ರಾಮೆಬಲ್ ಥರ್ಮೋಸ್ಟಾಟಿನೊಳಗೆ ಗಡಿಯಾರವಿರುವುದರಿಂದ ಏಳುವ, ಹೊರಗೆ ಹೋಗುವ, ಮರಳಿ ಬರುವ, ಮಲಗುವ ವೇಳೆಗಳಿಗೆ ಬೇರೆ ಬೇರೆ ಉಷ್ಣತೆಯನ್ನು ಮೊದಲೇ ಗೊತ್ತುಮಾಡಿ ಇಡಬಹುದು. ಇದರ ಬಳಕೆ ಹೆಚ್ಚಾಗಿರುವುದು ಅಮೆರಿಕ ಮತ್ತು ಕೆನಡಾಗಳಲ್ಲಿ. ಅಲ್ಲಿನ ಬಹುಪಾಲು ಮನೆಗಳಲ್ಲಿ ನೆಲಮಾಳಿಗೆಯಲ್ಲೋ ಅಟ್ಟದಲ್ಲೋ ಇರುವ ಒಂದು ಫರ್ನೇಸ್ ಇಡೀ ಮನೆಗೆ ಬಿಸಿಗಾಳಿ ಊದುತ್ತದೆ, ಅದೇ ಕೊಳವೆಗಳಲ್ಲಿ ಬೇಸಿಗೆಯ ತಂಪುಗಾಳಿಯೂ ಹರಿಯುತ್ತದೆ. ಕರ್ನಾಟಕದ ಮನೆಗಳಲ್ಲಿ ಥರ್ಮೋಸ್ಟಾಟ್ ಇರುವುದು ಗೀಸರ್, ಫ್ರಿಜ್, ಇಸ್ತ್ರಿಪೆಟ್ಟಿಗೆಗಳ ಒಳಗೆ. ಕೋಣೆಯ ಏಸಿಗೆ ಅದರದೇ ರಿಮೋಟ್. ಹಾಗಾಗಿ ನ್ಯೂಜೆರ್ಸಿಗೋ ಟೊರಾಂಟೊಗೋ ಹೋಗಿ ಮನೆ ಮಾಡುವ ಕನ್ನಡಿಗರಿಗೆ ಹಜಾರದ ಗೋಡೆಯ ಮೇಲಿನ ಈ ಪುಟ್ಟ ಪೆಟ್ಟಿಗೆ ಹೊಸದು.

ಇತಿಹಾಸ

ಎರಡು ಬೇರೆ ಲೋಹಗಳ ಪಟ್ಟಿಗಳನ್ನು ಬೆಸೆದರೆ ಬಿಸಿಯಲ್ಲಿ ಅವು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಬಾಗುತ್ತವೆ. ಈ ಬಾಗುವಿಕೆಯಿಂದ ಉಷ್ಣತೆಯನ್ನು ಹತೋಟಿಯಲ್ಲಿಡುವ ಸಾಧನಕ್ಕೆ ಸ್ಕಾಟ್ಲೆಂಡಿನ ರಸಾಯನವಿಜ್ಞಾನಿ ಆಂಡ್ರ್ಯೂ ಯೂರ್ 1830ರಲ್ಲಿ ಪೇಟೆಂಟ್ ಪಡೆದ. ಮನೆ, ಶಾಲೆಗಳಿಗೆ ಒಗ್ಗುವ ವಿದ್ಯುತ್ ಥರ್ಮೋಸ್ಟಾಟ್ ಬಂದದ್ದು ಅಮೆರಿಕದ ವಿಸ್ಕಾನ್ಸಿನ್‌ನಿಂದ. ವೈಟ್‌ವಾಟರ್ ಊರಿನ ಶಿಕ್ಷಕರ ಕಾಲೇಜಿನಲ್ಲಿ ಪ್ರಾಧ್ಯಾಪಕನಾಗಿದ್ದ ವಾರೆನ್ ಜಾನ್ಸನ್‌ನ ತರಗತಿಗೆ ಕಟ್ಟಡದ ಜವಾನ ಆಗಾಗ ಬಂದು ಉಷ್ಣತೆ ನೋಡಿಕೊಂಡು, ಕೆಳಗಿಳಿದು ಒಲೆಯ ಗಾಳಿಕಿಂಡಿಯನ್ನು ಸರಿಪಡಿಸಬೇಕಾಗಿತ್ತು. ಕೋಣೆಯ ಉಷ್ಣತೆ ಏರಿಳಿದಾಗ ನೆಲಮಾಳಿಗೆಯಲ್ಲೇ ಸೂಚನೆ ಸಿಗುವ ವಿದ್ಯುತ್ ಉಪಕರಣವನ್ನು ಜಾನ್ಸನ್ ರೂಪಿಸಿ 1883ರಲ್ಲಿ ಪೇಟೆಂಟ್ ಪಡೆದ. ಎರಡು ವರ್ಷದ ಬಳಿಕ ಮಿನಿಯಾಪೊಲಿಸ್‌ನಲ್ಲಿ ಆಲ್ಬರ್ಟ್ ಬುಟ್ಜ್ ಕಲ್ಲಿದ್ದಲ ಒಲೆಯ ಗಾಳಿಬಾಗಿಲನ್ನು ತಾನಾಗಿ ತೆರೆದು ಮುಚ್ಚುವ ಸಾಧನ ಕಂಡುಹಿಡಿದ. ಅವನು ಆರಂಭಿಸಿದ ಉದ್ಯಮವೇ ಕೈಬದಲಾಗುತ್ತ ಬೆಳೆದು ಹನಿವೆಲ್ ಕಂಪನಿಯ ಒಂದು ಬೇರಾಯಿತು. ಹೆನ್ರಿ ಡ್ರೈಫಸ್ ವಿನ್ಯಾಸಗೊಳಿಸಿದ ಹನಿವೆಲ್‌ನ ದುಂಡು ಥರ್ಮೋಸ್ಟಾಟ್ 1953ರಲ್ಲಿ ಮಾರುಕಟ್ಟೆಗೆ ಬಂತು. ಹಳೆಯ ಮನೆಗಳಲ್ಲಿ ಅದು ಈಗಲೂ ಕಾಣಸಿಗುತ್ತದೆ.

ಗಡಿಯಾರ ಜೋಡಿಸಿದ ಮಾದರಿಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಇದ್ದರೂ ಅಂಕಿ ಪರದೆಯ ಇಂದಿನ ರೂಪ ವ್ಯಾಪಕವಾದದ್ದು ಶತಮಾನದ ಕೊನೆಯಲ್ಲಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1995ರಲ್ಲಿ ಇವಕ್ಕೆ ಇಂಧನ ಉಳಿತಾಯದ ತನ್ನ ಎನರ್ಜಿ ಸ್ಟಾರ್ ಮುದ್ರೆ ಕೊಡಲು ತೊಡಗಿ, 2009ರ ಕೊನೆಗೆ ಅದನ್ನು ಹಿಂತೆಗೆದುಕೊಂಡಿತು. ಉಪಕರಣದಲ್ಲಿ ದೋಷವಿರಲಿಲ್ಲ. ಕೊಂಡವರಲ್ಲಿ ಅನೇಕರು ವೇಳಾಪಟ್ಟಿ ತುಂಬಲೇ ಇಲ್ಲ, ತುಂಬಿದವರೂ ಅದನ್ನು ತಡೆಹಿಡಿದು ಒಂದೇ ಉಷ್ಣತೆಯಲ್ಲಿ ನಡೆಸಿದರು, ಹೀಗಾಗಿ ನಿರೀಕ್ಷಿಸಿದ ಉಳಿತಾಯ ಕಾಣಲಿಲ್ಲ. ನೆಸ್ಟ್ ಕಂಪನಿಯ ಕಲಿಯುವ ಥರ್ಮೋಸ್ಟಾಟ್ 2011ರಲ್ಲಿ ಹೊರಬಂತು. ಮನೆಯವರ ರೂಢಿಯನ್ನು ಗಮನಿಸಿ ತಾನೇ ವೇಳಾಪಟ್ಟಿ ಹಾಕಿಕೊಳ್ಳುವ ಅದು ಈ ಸೋಲಿಗೆ ಸಿಕ್ಕ ಉತ್ತರ. ಇಂಥ ಸ್ಮಾರ್ಟ್ ಥರ್ಮೋಸ್ಟಾಟ್‌ಗಳಿಗೆ ಎನರ್ಜಿ ಸ್ಟಾರ್ ಮುದ್ರೆ 2017ರಲ್ಲಿ ಮರಳಿತು.

ಕೆಲಸಮಾಡುವ ಬಗೆ

ಥರ್ಮೋಸ್ಟಾಟ್ ಉರಿಯನ್ನು ದೊಡ್ಡದು ಚಿಕ್ಕದು ಮಾಡುವುದಿಲ್ಲ. ಅದು ಬರೀ ಸ್ವಿಚ್ಚು. ಫರ್ನೇಸ್‌ನೊಳಗಿನ ಟ್ರಾನ್ಸ್‌ಫಾರ್ಮರ್ ಮನೆಯ 120 ವೋಲ್ಟನ್ನು 24 ವೋಲ್ಟಿಗೆ ಇಳಿಸುತ್ತದೆ. ಆ 24 ವೋಲ್ಟ್ 'ಆರ್' ಗುರುತಿನ ತಂತಿಯಲ್ಲಿ ಗೋಡೆಯವರೆಗೆ ಬರುತ್ತದೆ. ಆರ್ ತಂತಿಯನ್ನು 'ಡಬ್ಲ್ಯೂ' ತಂತಿಗೆ ತಾಗಿಸಿದರೆ ಬಿಸಿ, 'ವೈ'ಗೆ ತಾಗಿಸಿದರೆ ತಂಪು, 'ಜಿ'ಗೆ ತಾಗಿಸಿದರೆ ಫ್ಯಾನ್. ಪರದೆ, ವೈಫೈ ಎಷ್ಟೇ ಇದ್ದರೂ ಒಳಗೆ ನಡೆಯುವುದು ಇಷ್ಟೇ. ಬೇಗ ಬೆಚ್ಚಗಾಗಲಿ ಎಂದು 70 ಡಿಗ್ರಿ ಫ್ಯಾರನ್‌ಹೀಟಿನ ಬದಲು 85 ಒತ್ತಿದರೆ ಸಾಮಾನ್ಯ ಫರ್ನೇಸ್ ಹೆಚ್ಚು ವೇಗವಾಗಿ ಕಾಯಿಸುವುದಿಲ್ಲ, ಹೆಚ್ಚು ಹೊತ್ತು ಉರಿಯುತ್ತದೆ ಅಷ್ಟೆ. ಜನ ಥರ್ಮೋಸ್ಟಾಟನ್ನು ನಲ್ಲಿಯ ತಿರುಗಣೆ ಎಂಬಂತೆ ಭಾವಿಸುವ ಈ ತಪ್ಪು ಕಲ್ಪನೆಯನ್ನು ಸಂಶೋಧಕ ವಿಲೆಟ್ ಕೆಂಪ್ಟನ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿವರವಾಗಿ ಪರಿಶೀಲಿಸಿದ್ದಾರೆ.

ಕೊಳ್ಳುವ ಮೊದಲು

ಮನೆಯಲ್ಲಿರುವ ವ್ಯವಸ್ಥೆ ಯಾವುದೆಂದು ತಿಳಿಯದೆ ಥರ್ಮೋಸ್ಟಾಟ್ ಕೊಳ್ಳಬಾರದು. ಹಳೆಯದರ ಮುಂಭಾಗವನ್ನು ಎಳೆದು ತೆಗೆದರೆ ಹಿಂದಿನ ತಂತಿಗಳು ಕಾಣುತ್ತವೆ. ತೆಳ್ಳಗಿನ, ಬಣ್ಣಬಣ್ಣದ ನಾಲ್ಕೈದು ತಂತಿಗಳಿದ್ದರೆ ಅದು 24 ವೋಲ್ಟಿನದು. ಎರಡೋ ನಾಲ್ಕೋ ದಪ್ಪ ತಂತಿಗಳಿದ್ದು, ತುದಿಗೆ ಪ್ಲಾಸ್ಟಿಕ್ ಟೋಪಿ ತಿರುಚಿದ್ದರೆ ಅದು 120 ಅಥವಾ 240 ವೋಲ್ಟಿನ ನೇರ ವಿದ್ಯುತ್ತು. ಗೋಡೆಯಂಚಿನ ಬೇಸ್‌ಬೋರ್ಡ್ ಹೀಟರ್‌ಗಳಿಗೆ ಹೀಗಿರುತ್ತದೆ. ಅದಕ್ಕೆ ಬೇರೆಯೇ ಥರ್ಮೋಸ್ಟಾಟ್ ಬೇಕು. 24 ವೋಲ್ಟಿನದನ್ನು ಅಲ್ಲಿ ಜೋಡಿಸಿದರೆ ಉಪಕರಣ ಸುಡುತ್ತದೆ, ಬೆಂಕಿಯ ಅಪಾಯವೂ ಉಂಟು. ಇಂಥ ತಂತಿ ಕಂಡವರು ಮುಂಭಾಗವನ್ನು ಮತ್ತೆ ಮುಚ್ಚಿ ಎಲೆಕ್ಟ್ರಿಷಿಯನ್‌ನನ್ನು ಕರೆಯುವುದೇ ಸರಿ. ಒಂದೇ ಯಂತ್ರದಿಂದ ಬಿಸಿ ತಂಪು ಎರಡನ್ನೂ ಕೊಡುವ ಹೀಟ್ ಪಂಪ್ ಇರುವ ಮನೆಯಾದರೆ ಡಬ್ಬದ ಮೇಲೆ ಹೀಟ್ ಪಂಪಿಗೆ ಹೊಂದುತ್ತದೆ ಎಂದು ಬರೆದಿರಬೇಕು.

ಇನ್ನೊಂದು ಪ್ರಶ್ನೆ 'ಸಿ' ತಂತಿಯದು. ಬ್ಯಾಟರಿಯ ಮೇಲೆ ನಡೆಯುವ ಸಾದಾ ಮಾದರಿಗೆ ಅದು ಬೇಡ. ವೈಫೈ ಮಾದರಿಗಳಿಗೆ ಸದಾ ವಿದ್ಯುತ್ತು ಬೇಕು, ಆ ವಿದ್ಯುತ್ತು ಟ್ರಾನ್ಸ್‌ಫಾರ್ಮರಿಗೆ ಮರಳುವ ದಾರಿಯೇ ಸಿ. ಹಳೆಯ ಮನೆಗಳಲ್ಲಿ ಅನೇಕ ಕಡೆ ಅದನ್ನು ಜೋಡಿಸಿರುವುದಿಲ್ಲ. ಆದರೆ ಗೋಡೆಯೊಳಗೆ ಬಳಸದ ಒಂದು ತಂತಿ ಮಡಚಿಕೊಂಡು ಕೂತಿರುವುದು ಸಾಮಾನ್ಯ. ಅದನ್ನು ಹೊರಗೆಳೆದು, ಇನ್ನೊಂದು ತುದಿಯನ್ನು ಫರ್ನೇಸ್ ಬೋರ್ಡಿನ ಸಿ ತಿರುಪಿಗೆ ಬಿಗಿದರೆ ಕೆಲಸವಾಯಿತು. ಹೆಚ್ಚುವರಿ ತಂತಿಯೇ ಇಲ್ಲದ ಕಡೆ ಅಡಾಪ್ಟರ್ ಸಿಗುತ್ತದೆ. ಕೆಲವು ಕಂಪನಿಗಳು ಅದನ್ನು ಡಬ್ಬದಲ್ಲೇ ಇಟ್ಟು ಕೊಡುತ್ತವೆ.

ಜೋಡಣೆ

ಮೊದಲ ಕೆಲಸ ಬ್ರೇಕರ್ ಆರಿಸುವುದು. ಫರ್ನೇಸಿಗೂ ಹೊರಗಿನ ಕಂಪ್ರೆಸರಿಗೂ ಸಾಮಾನ್ಯವಾಗಿ ಬೇರೆ ಬೇರೆ ಬ್ರೇಕರ್ ಇರುತ್ತವೆ, ಎರಡನ್ನೂ ಆರಿಸಬೇಕು. ಅನಂತರ ಹಳೆಯ ಥರ್ಮೋಸ್ಟಾಟಿನ ಉಷ್ಣತೆ ಏರಿಸಿ ನೋಡಿ, ಯಂತ್ರ ಹೊತ್ತಿಕೊಳ್ಳುವುದಿಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು. 24 ವೋಲ್ಟ್ ಮನುಷ್ಯರಿಗೆ ಅಪಾಯಕಾರಿಯಲ್ಲ, ನಿಜ. ಆದರೆ ವಿದ್ಯುತ್ತು ಹರಿಯುತ್ತಿರುವಾಗ ಆರ್ ತಂತಿ ಸಿ ತಂತಿಗೆ ಒಂದು ಕ್ಷಣ ತಾಗಿದರೂ ಫರ್ನೇಸ್ ಬೋರ್ಡಿನ ಮೇಲಿನ ಫ್ಯೂಸ್ ಹೋಗುತ್ತದೆ. ಕಾರುಗಳಲ್ಲಿ ಬಳಸುವಂಥದೇ ಆ ಫ್ಯೂಸು, 3 ಅಥವಾ 5 ಆಂಪಿಯರಿನದು, ಬೆಲೆ ಅಲ್ಪ. ಹೊಸ ಥರ್ಮೋಸ್ಟಾಟ್ ಜೋಡಿಸಿದ ಮೇಲೆ ಪರದೆಯೇ ಬೆಳಗದಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ.

ತಂತಿ ಬಿಚ್ಚುವ ಮೊದಲು ಫೋನಿನಲ್ಲಿ ಹತ್ತಿರದಿಂದ ಫೋಟೊ ತೆಗೆಯಬೇಕು, ಪ್ರತಿ ತಂತಿಗೂ ಅದು ಕೂತಿದ್ದ ತಿರುಪಿನ ಅಕ್ಷರದ ಚೀಟಿ ಅಂಟಿಸಬೇಕು. ಬಣ್ಣ ನಂಬುವಂತಿಲ್ಲ. ಕೆಂಪು ಆರ್, ಬಿಳಿ ಡಬ್ಲ್ಯೂ, ಹಳದಿ ವೈ, ಹಸಿರು ಜಿ, ನೀಲಿ ಸಿ ಎಂಬುದು ರೂಢಿಯೇ ಹೊರತು ಹಾಗೇ ಮಾಡಬೇಕೆಂಬ ಕಟ್ಟುಪಾಡಿಲ್ಲ. ಹಿಂದೆ ತಂತಿ ಎಳೆದವನು ಕೈಗೆ ಸಿಕ್ಕ ಬಣ್ಣ ಬಳಸಿರಬಹುದು. ಬಿಚ್ಚಿದ ತಂತಿಗಳು ಗೋಡೆಯೊಳಕ್ಕೆ ಜಾರದಂತೆ ಒಂದು ಪೆನ್ಸಿಲ್ಲಿಗೆ ಸುತ್ತಿಟ್ಟರೆ ಮುಂದಿನ ಪರದಾಟ ತಪ್ಪುತ್ತದೆ. ತುದಿಯಲ್ಲಿ ಸುಮಾರು ಒಂದು ಸೆಂಟಿಮೀಟರಿನಷ್ಟು ತಾಮ್ರ ಕಾಣುವಂತೆ ಹೊದಿಕೆ ಸುಲಿದು, ನೆಟ್ಟಗೆ ಮಾಡಿ, ಹೊಸ ಫಲಕದ ಅದೇ ಅಕ್ಷರದ ಕಿಂಡಿಗೆ ಸೇರಿಸಿ ಬಿಗಿಯಬೇಕು. ಮೆಲ್ಲಗೆ ಎಳೆದಾಗ ತಂತಿ ಅಲುಗಕೂಡದು. ಬರಿ ತಾಮ್ರ ಒಂದಕ್ಕೊಂದು ತಾಗಕೂಡದು. ಹಳೆಯದರಲ್ಲಿ ಆರ್ ತಂತಿ ಒಂದೇ ಇದ್ದು, ಹೊಸದರಲ್ಲಿ ಬಿಸಿಗೊಂದು ತಂಪಿಗೊಂದು ಎಂದು ಎರಡು ಆರ್ ಕಿಂಡಿಗಳಿದ್ದರೆ, ಅವೆರಡನ್ನೂ ಜಂಪರ್ ಎಂಬ ತುಂಡು ತಂತಿಯಿಂದ ಕೂಡಿಸಬೇಕಾಗುತ್ತದೆ. ಹೊಸ ಮಾದರಿಗಳಲ್ಲಿ ಇದು ಒಳಗೇ ಆಗಿರುತ್ತದೆ.

ಫಲಕದ ಹಿಂದೆ ತಂತಿ ಹೊರಬರುವ ತೂತನ್ನು ಪುಟ್ಟಿ ಅಥವಾ ಹತ್ತಿಯಂಥ ವಸ್ತುವಿನಿಂದ ಮುಚ್ಚುವುದನ್ನು ಬಹಳ ಮಂದಿ ಮರೆಯುತ್ತಾರೆ. ಅಮೆರಿಕ, ಕೆನಡಾಗಳ ಮನೆಗಳ ಗೋಡೆಗಳು ಒಳಗೆ ಪೊಳ್ಳು. ಚಳಿಗಾಲದಲ್ಲಿ ಆ ಪೊಳ್ಳಿನ ತಣ್ಣನೆಯ ಗಾಳಿ ತೂತಿನಿಂದ ಸೋರಿ ಥರ್ಮೋಸ್ಟಾಟಿನ ಬೆನ್ನಿಗೆ ಬಡಿದರೆ, ಕೋಣೆ ಬೆಚ್ಚಗಿದ್ದರೂ ಅದು ಚಳಿ ಎಂದೇ ಅಳೆಯುತ್ತದೆ, ಫರ್ನೇಸ್ ಸುಮ್ಮನೆ ಉರಿಯುತ್ತದೆ. ಹೊಸದಾಗಿ ಜಾಗ ಆರಿಸುವುದಿದ್ದರೆ ಮನೆಯ ನಡುವಿನ ಒಳಗೋಡೆ ಲೇಸು; ನೆಲದಿಂದ ಸುಮಾರು ಐದು ಅಡಿ ಎತ್ತರ. ಬಿಸಿಲು, ದೀಪ, ಅಡುಗೆಮನೆ, ಹೊರಬಾಗಿಲು, ಬಿಸಿಗಾಳಿಯ ಜಾಲಂಧ್ರ ಯಾವುದೂ ಹತ್ತಿರವಿರಬಾರದು. ಪಾದರಸದ ಹಳೆಯ ಮಾದರಿಗೆ ಮಟ್ಟ ತಪ್ಪಿದರೆ ಅಳತೆಯೇ ತಪ್ಪುತ್ತಿತ್ತು. ಅಂಕಿ ಪರದೆಯದಕ್ಕೆ ಮಟ್ಟ ನೋಡುವುದು ಅಂದಕ್ಕೆ ಮಾತ್ರ.

ಯಂತ್ರಕ್ಕೆ ತಕ್ಕ ಹೊಂದಾಣಿಕೆ

ವಿದ್ಯುತ್ತು ಬಂದ ಮೇಲೆ ಥರ್ಮೋಸ್ಟಾಟ್ ತನಗೆ ಕಟ್ಟಿರುವ ಯಂತ್ರ ಯಾವುದೆಂದು ಕೇಳುತ್ತದೆ: ಗ್ಯಾಸ್ ಫರ್ನೇಸೋ, ಬಾಯ್ಲರೋ, ಹೀಟ್ ಪಂಪೋ, ಎಷ್ಟು ಹಂತದ್ದು. ಗಂಟೆಗೆ ಎಷ್ಟು ಸಲ ಹೊತ್ತಿ ಆರಬಹುದು ಎಂಬ ಪ್ರಮಾಣವನ್ನೂ ಇಲ್ಲೇ ಹಾಕಬೇಕು. ಹನಿವೆಲ್ ಮಾದರಿಗಳಲ್ಲಿ ಸಾಮಾನ್ಯ ಗ್ಯಾಸ್ ಫರ್ನೇಸಿಗೆ 5, ಶೇ. 90ಕ್ಕಿಂತ ಹೆಚ್ಚು ದಕ್ಷತೆಯದಕ್ಕೂ ಬಿಸಿನೀರಿನ ಬಾಯ್ಲರಿಗೂ 3, ವಿದ್ಯುತ್ ಫರ್ನೇಸಿಗೆ 9, ಹಬೆಯ ವ್ಯವಸ್ಥೆಗೆ 1 ಎಂಬುದು ವಾಡಿಕೆ. ಹೀಟ್ ಪಂಪಿನಲ್ಲಿ ಬಿಸಿ ತಂಪುಗಳನ್ನು ಅದಲುಬದಲು ಮಾಡುವ ಕವಾಟಕ್ಕೆ 'ಓ' ಅಥವಾ 'ಬಿ' ತಂತಿ ಇರುತ್ತದೆ. ಓ ಆದರೆ ಕವಾಟಕ್ಕೆ ತಂಪಿನ ವೇಳೆ ವಿದ್ಯುತ್ತು ಸಿಗುತ್ತದೆ, ಬಿ ಆದರೆ ಬಿಸಿಯ ವೇಳೆ. ಬಿಸಿ ಕೇಳಿದಾಗ ತಣ್ಣನೆಯ ಗಾಳಿ ಬಂದರೆ ಯಂತ್ರ ಕೆಟ್ಟಿತೆಂದು ಹೆದರದೆ ಈ ಒಂದು ಆಯ್ಕೆಯನ್ನು ಬದಲಿಸಿ ನೋಡಬೇಕು. ಕಂಪ್ರೆಸರ್ ನಿಂತ ಮೇಲೆ ಸುಮಾರು ಐದು ನಿಮಿಷ ಮತ್ತೆ ಹೊರಡದಂತೆ ತಡೆಯುವ ಏರ್ಪಾಡೂ ಒಳಗಿರುತ್ತದೆ. ಪರೀಕ್ಷಿಸುವಾಗ ಆ ಹೊತ್ತು ಕಾಯಬೇಕು.

ವೇಳಾಪಟ್ಟಿ

ಉಳಿತಾಯವಾಗುವುದೂ ಆಗದಿರುವುದೂ ಇಲ್ಲಿಯೇ. ಅನೇಕ ಮಾದರಿಗಳಲ್ಲಿ ಕಾರ್ಖಾನೆಯಿಂದ ತುಂಬಿ ಬರುವ ಪಟ್ಟಿ ಹೀಗಿದೆ: ಚಳಿಗಾಲದಲ್ಲಿ ಬೆಳಗ್ಗೆ 6ಕ್ಕೆ 70 ಡಿಗ್ರಿ ಫ್ಯಾರನ್‌ಹೀಟ್ (21 ಸೆಲ್ಸಿಯಸ್), 8ಕ್ಕೆ 62 (ಸುಮಾರು 17 ಸೆಲ್ಸಿಯಸ್), ಸಂಜೆ 6ಕ್ಕೆ ಮತ್ತೆ 70, ರಾತ್ರಿ 10ಕ್ಕೆ 62, ಬೇಸಿಗೆಯಲ್ಲಿ ಅದೇ ವೇಳೆಗಳಿಗೆ 78, 85, 78, 82. ದಿನಕ್ಕೆ ಎಂಟು ಗಂಟೆ ಕಾಲ ರೂಢಿಯ ಉಷ್ಣತೆಯಿಂದ 7ರಿಂದ 10 ಡಿಗ್ರಿ ಫ್ಯಾರನ್‌ಹೀಟ್ ಸರಿಸಿದರೆ ವರ್ಷದ ಬಿಸಿ-ತಂಪಿನ ವೆಚ್ಚದಲ್ಲಿ ಶೇ. 10ರವರೆಗೆ ಉಳಿಸಬಹುದು ಎಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ತಣಿದ ಮನೆಯನ್ನು ಮತ್ತೆ ಕಾಯಿಸಲು ಉಳಿಸಿದ್ದೆಲ್ಲ ಖರ್ಚಾಗುತ್ತದೆ ಎಂಬ ಮಾತು ಸುಳ್ಳು. ಮನೆಯಿಂದ ಶಾಖ ಸೋರುವ ವೇಗ ಒಳಗಿನ ಮತ್ತು ಹೊರಗಿನ ಉಷ್ಣತೆಗಳ ಅಂತರವನ್ನು ಅವಲಂಬಿಸಿದೆ. ಮನೆ ತಣ್ಣಗಿದ್ದಷ್ಟು ಹೊತ್ತೂ ಸೋರಿಕೆ ಕಡಿಮೆ.

ಆದರೆ ಈ ಸಿದ್ಧ ಪಟ್ಟಿ ಹಗಲಿಡೀ ಬಾಗಿಲು ಹಾಕಿರುವ ಮನೆಗೆ ಹಾಕಿದ್ದು. ಮಗಳ ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಿಕೊಳ್ಳಲೋ ಮೈಸೂರಿನಿಂದ, ಹುಬ್ಬಳ್ಳಿಯಿಂದ ಅಪ್ಪ ಅಮ್ಮ ಬಂದಿರುವ ಮನೆಯಲ್ಲಿ ಅದು ಶುದ್ಧ ತಪ್ಪು. ಮಕ್ಕಳು ಕೆಲಸಕ್ಕೆ ಹೊರಟ ಎಂಟು ಗಂಟೆಗೆ ಸರಿಯಾಗಿ ಬಿಸಿಗಾಳಿ ನಿಂತು, ಮನೆ ಮೆಲ್ಲಗೆ ತಣ್ಣಗಾಗುತ್ತ ಹೋಗುತ್ತದೆ. ಗೋಡೆಯ ಪೆಟ್ಟಿಗೆ ಮುಟ್ಟಿದರೆ ಏನು ಕೆಡುತ್ತದೋ ಎಂಬ ಸಂಕೋಚದಲ್ಲಿ ಹಿರಿಯರು ಸ್ವೆಟರ್ ಮೇಲೆ ಶಾಲು ಹೊದ್ದು ಸಂಜೆಯವರೆಗೆ ಕೂರುತ್ತಾರೆ. ಹಗಲು ಜನ ಇರುವ ಮನೆಯಲ್ಲಿ ನಡುವಿನ ಎರಡು ಅವಧಿಗಳನ್ನು ತೆಗೆದುಹಾಕಿ, ರಾತ್ರಿ ಮಾತ್ರ ಇಳಿಸಬೇಕು. ಹಿರಿಯರಿಗೂ ಏರಿಸುವ ಇಳಿಸುವ ಗುಂಡಿಗಳನ್ನು ತೋರಿಸಿಕೊಡಬೇಕು. ಹಾಗೆ ಏರಿಸಿದ್ದು ಮುಂದಿನ ಅವಧಿಯವರೆಗೆ ಮಾತ್ರ ನಿಂತು ಆಮೇಲೆ ಪಟ್ಟಿಗೆ ಮರಳುತ್ತದೆ, ಏನೂ ಕೆಡುವುದಿಲ್ಲ. 'ಹೋಲ್ಡ್' ಗುಂಡಿಯ ಸಂಗತಿ ಬೇರೆ. ಅದನ್ನು ಒತ್ತಿದರೆ ಬಿಡಿಸುವ ತನಕ ಇಡೀ ವೇಳಾಪಟ್ಟಿ ಸ್ತಬ್ಧ. ಊರಿಗೆ ಹೋಗುವಾಗ ಅದು ಉಪಯುಕ್ತ. ಚಳಿಗಾಲವಾದರೆ 55 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗಿಡಬಾರದು, ನೀರಿನ ಕೊಳವೆಗಳು ಹೆಪ್ಪುಗಟ್ಟಿ ಒಡೆಯಬಹುದು.

ಹೀಟ್ ಪಂಪ್ ಇರುವವರು ಚಳಿಗಾಲದಲ್ಲಿ ಹೆಚ್ಚು ಇಳಿಸಬಾರದು. ಬೆಳಗ್ಗೆ ಎಂಟು ಡಿಗ್ರಿ ಒಮ್ಮೆಲೇ ಏರಿಸಬೇಕಾದಾಗ ಪಂಪಿಗೆ ನೆರವಾಗಲು ವಿದ್ಯುತ್ ಕಾಯಿಲ್ ಹೊತ್ತಿಕೊಂಡು ರಾತ್ರಿಯ ಉಳಿತಾಯವನ್ನು ನುಂಗಿಬಿಡುತ್ತದೆ. ಹೊರಗಿನ ಚಳಿ ನೋಡಿಕೊಂಡು ಮೊದಲೇ ಮೆಲ್ಲಗೆ ಏರಿಸುವ ಮಾದರಿಗಳಿಗೆ ಮಾತ್ರ ಈ ಎಚ್ಚರಿಕೆ ಅಷ್ಟಾಗಿ ಅನ್ವಯಿಸದು.

ಪಾಲನೆ

ವೈಫೈ ಇಲ್ಲದ ಮಾದರಿಗಳಲ್ಲಿ ಅಲ್ಲಿ ಗಡಿಯಾರವನ್ನು ಮುಂದೆ ಹಿಂದೆ ಮಾಡುವ ದಿನಗಳಾದ ಮಾರ್ಚಿನ ಎರಡನೆಯ ಭಾನುವಾರ, ನವೆಂಬರಿನ ಮೊದಲ ಭಾನುವಾರ ಥರ್ಮೋಸ್ಟಾಟಿನ ಗಡಿಯಾರವೂ ಬದಲಾಯಿತೇ ಎಂದು ನೋಡಬೇಕು. ಗಡಿಯಾರ ತಪ್ಪಿದರೆ ಪಟ್ಟಿಯೂ ತಪ್ಪುತ್ತದೆ. ಬ್ಯಾಟರಿಯನ್ನು ವರ್ಷಕ್ಕೊಮ್ಮೆ, ಚಳಿ ಹಿಡಿಯುವ ಮೊದಲೇ ಬದಲಿಸಬೇಕು. ಹಿಮ ಬೀಳುವ ರಾತ್ರಿ ಬ್ಯಾಟರಿ ಸತ್ತರೆ ಫರ್ನೇಸ್ ಹೊತ್ತುವುದಿಲ್ಲ.

ಗೋಡೆಯಿಂದ ಇಳಿಸಿದ ಹಳೆಯ ಥರ್ಮೋಸ್ಟಾಟನ್ನು ತೆರೆದಾಗ ಗಾಜಿನ ಕೊಳವೆಯಲ್ಲಿ ಬೆಳ್ಳಿಯಂತೆ ಹೊಳೆಯುವ ದ್ರವ ಕಂಡರೆ ಅದು ಪಾದರಸ, ನರಮಂಡಲಕ್ಕೆ ವಿಷ. ಕೊಳವೆ ಒಡೆಯದಂತೆ, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಕಸದ ಬುಟ್ಟಿಗೆ ಹಾಕಲೇಬಾರದು. ತಯಾರಕರು 1998ರಲ್ಲಿ ಸ್ಥಾಪಿಸಿದ ಥರ್ಮೋಸ್ಟಾಟ್ ರೀಸೈಕ್ಲಿಂಗ್ ಕಾರ್ಪೊರೇಷನ್ ಇವನ್ನು ಸಂಗ್ರಹಿಸುತ್ತದೆ, ಅನೇಕ ಕೌಂಟಿಗಳ ಅಪಾಯಕಾರಿ ತ್ಯಾಜ್ಯ ಕೇಂದ್ರಗಳೂ ತೆಗೆದುಕೊಳ್ಳುತ್ತವೆ.